ಸಕ್ಕರೆ ಕಾಯಿಲೆ ಮತ್ತು ಮೊಬೈಲ್ ಆ್ಯಪ್: ಫೋನ್ ಏನು ಮಾಡಬಲ್ಲದು, ಏನು ಮಾಡಲಾರದು



ಸಕ್ಕರೆ ಕಾಯಿಲೆ ಇರುವವರಿಗೆ ಊಟ, ನಡಿಗೆ, ಪಾದಗಳ ಆರೈಕೆ ಇವುಗಳ ಬಗ್ಗೆ ನಾವು ತಿಳಿಸಿ ಹೇಳುವುದು ಇದ್ದೇ ಇದೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. ಚನ್ನಗಿರಿ ಕಡೆಯಿಂದ ಬಂದಿದ್ದ ಅಡಿಕೆ ತೋಟದ ಹಿರಿಯರೊಬ್ಬರು ರಕ್ತ ಪರೀಕ್ಷೆಯ ಸರದಿಯಲ್ಲಿ ನಿಂತಿದ್ದಾಗ ಜೇಬಿನಿಂದ ಫೋನ್ ತೆಗೆದು, “ಸಿಸ್ಟರಮ್ಮಾ, ಮೊಮ್ಮಗ ಇದರಾಗೆ ಶುಗರ್ ಆ್ಯಪ್ ಹಾಕ್ಕೊಟ್ಟಾನೆ. ಬೆರಳಿಟ್ರೆ ಸಾಕು, ಶುಗರ್ ಎಷ್ಟೈತಿ ಅಂತ ತೋರಿಸ್ತೈತಿ. ಇನ್ಮೇಲೆ ಸೂಜಿ ಚುಚ್ಚೋದು ಬ್ಯಾಡ ಅಲ್ವಾ?” ಎಂದು ಕೇಳಿದರು. ಫೋನ್ 112 ಎಂದು ತೋರಿಸುತ್ತಿತ್ತು. ಅದೇ ಹೊತ್ತಿಗೆ ಲ್ಯಾಬಿನಲ್ಲಿ ಬಂದದ್ದು 286. ಆ 112ನ್ನು ನಂಬಿ ಅವರು ಎರಡು ತಿಂಗಳಿಂದ ರಾತ್ರಿಯ ಮಾತ್ರೆಯನ್ನು ತಾವೇ ನಿಲ್ಲಿಸಿದ್ದರು.

ಮೊಮ್ಮಗ ಮಾಡಿದ್ದು ಅಜ್ಜನ ಮೇಲಿನ ಪ್ರೀತಿಯಿಂದಲೇ. ಆದರೆ ಫೋನ್ ಯಾವ ಕೆಲಸಕ್ಕೆ ಬರುತ್ತದೆ, ಯಾವ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆ ವಿಷಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಒಂದೇ ಮಾತಿನಲ್ಲಿ ಹೇಳುವುದಾದರೆ, ಫೋನ್ ಸಕ್ಕರೆಯನ್ನು ಅಳೆಯುವುದಿಲ್ಲ, ಚಿಕಿತ್ಸೆಯನ್ನೂ ಕೊಡುವುದಿಲ್ಲ. ಅದು ನೆನಪಿಟ್ಟುಕೊಳ್ಳುತ್ತದೆ ಮತ್ತು ನೆನಪು ಮಾಡುತ್ತದೆ. ಆ ನೆನಪನ್ನು ಸರಿಯಾಗಿ ಬಳಸಿಕೊಂಡರೆ ಬಹಳ ಉಪಯೋಗವಿದೆ.

ಲೆಕ್ಕ ಏಕೆ ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಕಾಯಿಲೆಯ ಹೊಸ್ತಿಲಲ್ಲಿ ಇರುವವರು ಇನ್ನೂ ಸುಮಾರು 13.6 ಕೋಟಿ. ಇಷ್ಟು ಜನರಿಗೆ ದಿನವೂ ವೈದ್ಯರು ಸಿಗುವುದು ಸಾಧ್ಯವಿಲ್ಲ. ನೀವು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಬಂದು ಕೆಲವು ನಿಮಿಷ ವೈದ್ಯರೆದುರು ಕೂರುತ್ತೀರಿ. ಉಳಿದ ಅಷ್ಟೂ ದಿನ ಕಾಯಿಲೆಯನ್ನು ನೋಡಿಕೊಳ್ಳುವವರು ನೀವು ಮತ್ತು ನಿಮ್ಮ ಮನೆಯವರು.

ವೈದ್ಯರು “ಮನೆಯಲ್ಲಿ ಶುಗರ್ ಹೇಗಿತ್ತು?” ಎಂದು ಕೇಳಿದಾಗ ಹೆಚ್ಚಿನವರು ಹೇಳುವುದು “ಪರವಾಗಿಲ್ಲ ಸಾರ್” ಎಂದು. ಹಳೆಯ ಚೀಟಿ ಮನೆಯಲ್ಲಿ ಉಳಿದಿರುತ್ತದೆ, ಇಲ್ಲವೇ ಮಳೆಯಲ್ಲಿ ನೆನೆದು ಅಕ್ಷರ ಅಳಿಸಿರುತ್ತದೆ. ಆಗ ವೈದ್ಯರಿಗೆ ಆ ದಿನದ ಒಂದು ಪರೀಕ್ಷೆ ಮಾತ್ರ ಕಾಣುತ್ತದೆ. ಬೆಳಗ್ಗೆ ಹೆಚ್ಚುತ್ತದೆಯೋ, ಊಟದ ನಂತರ ಹೆಚ್ಚುತ್ತದೆಯೋ, ಮಧ್ಯರಾತ್ರಿ ಕುಸಿಯುತ್ತದೆಯೋ ಎಂಬುದು ತಿಳಿಯುವುದಿಲ್ಲ. ಇದು ತಿಳಿಯದೆ ಔಷಧಿಯನ್ನು ಸರಿಯಾಗಿ ಹೊಂದಿಸುವುದು ಕಷ್ಟ. ಈ ಕೊರತೆಯನ್ನು ಫೋನ್ ತುಂಬಬಲ್ಲದು.

ಬೆರಳಿಟ್ಟರೆ ಸಕ್ಕರೆ ತೋರಿಸುವ ಆ್ಯಪ್ ನಿಜವೇ?

ನಿಜವಲ್ಲ. ಫೋನಿನ ಕ್ಯಾಮೆರಾದ ಮೇಲೆ ಬೆರಳಿಟ್ಟು ರಕ್ತದ ಸಕ್ಕರೆಯನ್ನು ತಿಳಿಯಲು ಸಾಧ್ಯವಿಲ್ಲ.

ಇದರಲ್ಲಿ ಒಂದು ಸಣ್ಣ ಸತ್ಯ ಸೇರಿಕೊಂಡಿರುವುದರಿಂದ ಜನ ಮೋಸ ಹೋಗುತ್ತಾರೆ. ಹೃದಯ ಒಮ್ಮೆ ಬಡಿದಾಗ ಬೆರಳಿಗೆ ರಕ್ತ ನುಗ್ಗುತ್ತದೆ, ಆಗ ಬೆರಳಿನ ಮೂಲಕ ಬರುವ ಬೆಳಕು ಸ್ವಲ್ಪ ಮಬ್ಬಾಗುತ್ತದೆ. ಈ ಏರಿಳಿತವನ್ನು ಎಣಿಸಿ ಫೋನ್ ನಾಡಿ ಬಡಿತವನ್ನು ಹೇಳಬಲ್ಲದು. ಆದರೆ ರಕ್ತದಲ್ಲಿ ಕರಗಿರುವ ಸಕ್ಕರೆ ಆ ಬೆಳಕಿನಲ್ಲಿ ಫೋನಿಗೆ ಗುರುತು ಸಿಗುವುದಿಲ್ಲ. ಇಂತಹ ಆ್ಯಪ್‌ಗಳು ಸುಮ್ಮನೆ ಒಂದು ಸಂಖ್ಯೆಯನ್ನು ತೋರಿಸುತ್ತವೆ.

ಚರ್ಮ ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆಂದು ಹೇಳುವ ಕೈಗಡಿಯಾರ ಮತ್ತು ಉಂಗುರಗಳ ಬಗ್ಗೆಯೂ ಇದೇ ಮಾತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಇವುಗಳನ್ನು ಬಳಸಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ತಾನೇ ಸ್ವತಂತ್ರವಾಗಿ ಸಕ್ಕರೆ ಅಳೆಯುವ ಅಂತಹ ಯಾವ ಗಡಿಯಾರಕ್ಕಾಗಲಿ ಉಂಗುರಕ್ಕಾಗಲಿ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಆಗ ಸ್ಪಷ್ಟಪಡಿಸಿತು. ಸುಳ್ಳು ಸಂಖ್ಯೆಯನ್ನು ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ.

ತೋಳಿಗೆ ಅಂಟಿಸುವ ಸೆನ್ಸರ್ ಬೇರೆ ವಸ್ತು. ಅದರ ಕೆಳಗೆ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಇರುತ್ತದೆ. ಅದು ಅಲ್ಲಿನ ದ್ರವದ ಸಕ್ಕರೆಯನ್ನು ಅಳೆದು ಫೋನಿಗೆ ಕಳಿಸುತ್ತದೆ. ಸಾಮಾನ್ಯವಾಗಿ ಸಿಗುವಂಥದ್ದು ಸುಮಾರು 14 ದಿನ ಕೆಲಸ ಮಾಡುತ್ತದೆ. ಬೆಲೆ ಸಾವಿರಾರು ರೂಪಾಯಿ ಆಗುವುದರಿಂದ ಎಲ್ಲರಿಗೂ ಬೇಕಾಗಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಪದೇ ಪದೇ ಸಕ್ಕರೆ ಕುಸಿಯುವವರಿಗೆ ವೈದ್ಯರು ಹೇಳಿದರೆ ಮಾತ್ರ ಹಾಕಿಸಿಕೊಳ್ಳಿ.

ಹಾಗಾದರೆ ಆ್ಯಪ್‌ನಿಂದ ಉಪಯೋಗವೇನು?

ಸರಿಯಾದ ಆ್ಯಪ್ ನಾಲ್ಕು ಕೆಲಸಗಳಲ್ಲಿ ನೆರವಾಗುತ್ತದೆ.

1. ಗ್ಲುಕೋಮೀಟರಿನಲ್ಲಿ ಬಂದ ಸಂಖ್ಯೆಯನ್ನು ದಿನಾಂಕ, ಸಮಯದೊಂದಿಗೆ ಬರೆದಿಡುವುದು.
2. ಮಾತ್ರೆ, ಇನ್ಸುಲಿನ್, ಮುಂದಿನ ಭೇಟಿ ಇವುಗಳನ್ನು ನೆನಪಿಸುವುದು.
3. ಊಟ ಮತ್ತು ನಡಿಗೆಯ ಲೆಕ್ಕ ಇಡುವುದು.
4. ಈ ಎಲ್ಲವನ್ನೂ ವೈದ್ಯರಿಗೆ ಒಂದೇ ಕಡೆ ತೋರಿಸುವುದು.

ವಿವಿಧ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಮೂಲು ಚಿಕಿತ್ಸೆಯ ಜೊತೆಗೆ ಆ್ಯಪ್ ಬಳಸಿದ ಎರಡನೇ ವಿಧದ ಸಕ್ಕರೆ ಕಾಯಿಲೆಯವರಲ್ಲಿ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸುಮಾರು ಅರ್ಧ ಅಂಶದಷ್ಟು ಇಳಿದದ್ದು ಕಂಡಿದೆ. ಉದಾಹರಣೆಗೆ 8.5 ಇದ್ದದ್ದು 8ಕ್ಕೆ ಬಂದ ಹಾಗೆ. ಇದು ಸಣ್ಣದೆನಿಸಿದರೂ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ಒಳ್ಳೆಯದೇ. ಆದರೆ “ಚಿಕಿತ್ಸೆಯ ಜೊತೆಗೆ” ಎಂಬ ಮಾತನ್ನು ಮರೆಯಬಾರದು.

ನಮ್ಮ ಆಸ್ಪತ್ರೆಯು ಯಾವ ಕಂಪನಿಯ ಆ್ಯಪನ್ನೂ ಕೊಳ್ಳಿರೆಂದು ಹೇಳುವುದಿಲ್ಲ. ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಬಾರದಿದ್ದರೆ ಚಿಂತೆ ಬೇಡ. ಫೋನಿನಲ್ಲಿ ಮೊದಲೇ ಇರುವ ಅಲಾರಾಂ, ಟಿಪ್ಪಣಿ ಬರೆಯುವ ಜಾಗ ಮತ್ತು ಕ್ಯಾಮೆರಾ ಇಷ್ಟರಿಂದಲೇ ಮುಕ್ಕಾಲು ಕೆಲಸ ಆಗುತ್ತದೆ. ಗ್ಲುಕೋಮೀಟರಿನ ಸಂಖ್ಯೆ ಕಾಣುವ ಹಾಗೆ ಫೋಟೋ ತೆಗೆದರೆ ದಿನಾಂಕ, ಸಮಯ ಫೋನಿನಲ್ಲಿ ತಾನಾಗಿಯೇ ದಾಖಲಾಗುತ್ತದೆ. ಓದು ಬರಹ ಬಾರದವರೂ ಇದನ್ನು ಮಾಡಬಹುದು.

ಯಾವಾಗ ಪರೀಕ್ಷಿಸಬೇಕು, ಏನು ಬರೆಯಬೇಕು?

ಸ್ಟ್ರಿಪ್ ದುಬಾರಿ ಎಂಬುದು ನಮಗೆ ಗೊತ್ತಿದೆ. ದಿನವೂ ಖಾಲಿ ಹೊಟ್ಟೆಯ ಒಂದೇ ಪರೀಕ್ಷೆ ಮಾಡುವುದಕ್ಕಿಂತ ಜೋಡಿ ಪರೀಕ್ಷೆ ಹೆಚ್ಚು ತಿಳಿಸುತ್ತದೆ. ಅಂದರೆ ಊಟಕ್ಕೆ ಮೊದಲು ಒಂದು, ಊಟ ಆರಂಭಿಸಿದ ಎರಡು ಗಂಟೆಗೆ ಇನ್ನೊಂದು. ಮಾತ್ರೆ ಮಾತ್ರ ತೆಗೆದುಕೊಳ್ಳುವವರು ಈ ವಾರ ಬೆಳಗಿನ ತಿಂಡಿಗೆ, ಮುಂದಿನ ವಾರ ಮಧ್ಯಾಹ್ನದ ಊಟಕ್ಕೆ, ಅದರ ಮುಂದಿನ ವಾರ ರಾತ್ರಿಯ ಊಟಕ್ಕೆ ಹೀಗೆ ಜೋಡಿ ಪರೀಕ್ಷೆ ಮಾಡಿದರೆ ವಾರಕ್ಕೆ ಎರಡೇ ಸ್ಟ್ರಿಪ್ ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಇದಕ್ಕಿಂತ ಹೆಚ್ಚು ಬಾರಿ ಪರೀಕ್ಷಿಸಬೇಕಾಗುತ್ತದೆ. ಅವರು ವೈದ್ಯರು ಹೇಳಿದಂತೆಯೇ ಮಾಡಬೇಕು.

ಹೆಚ್ಚಿನ ವಯಸ್ಕರಿಗೆ ಸಾಮಾನ್ಯ ಗುರಿ ಹೀಗಿದೆ:

ಊಟಕ್ಕೆ ಮೊದಲು: 80ರಿಂದ 130 ಮಿ.ಗ್ರಾಂ.
ಊಟದ ಎರಡು ಗಂಟೆಯ ನಂತರ: 180ಕ್ಕಿಂತ ಕಡಿಮೆ.
ಎಚ್‌ಬಿಎ1ಸಿ: 7ಕ್ಕಿಂತ ಕಡಿಮೆ. (7 ಎಂದರೆ ದಿನದ ಸರಾಸರಿ ಸುಮಾರು 154 ಎಂದು ಅರ್ಥ.)
70ಕ್ಕಿಂತ ಕಡಿಮೆ: ಸಕ್ಕರೆ ಕುಸಿದಿದೆ. ಕೂಡಲೇ ಏನಾದರೂ ಸಿಹಿ ಕೊಡಬೇಕು.

ವಯಸ್ಸಾದವರಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಗುರಿಯನ್ನು ಸ್ವಲ್ಪ ಸಡಿಲಿಸುತ್ತಾರೆ. ಗರ್ಭಿಣಿಯರಿಗೆ ಇನ್ನಷ್ಟು ಬಿಗಿಯಾಗಿರುತ್ತದೆ. ನಿಮ್ಮ ಗುರಿ ಎಷ್ಟೆಂದು ಕೇಳಿಕೊಂಡು ಅದನ್ನು ಫೋನಿನಲ್ಲಿ ಎಲ್ಲಕ್ಕೂ ಮೇಲೆ ಬರೆದಿಡಿ.

ಸಂಖ್ಯೆಯ ಪಕ್ಕದಲ್ಲಿ ಎರಡು ಮಾತು ಬರೆಯುವುದನ್ನು ರೂಢಿಸಿಕೊಳ್ಳಿ. “ಮದುವೆ ಊಟ, ಹೋಳಿಗೆ”, “ಜ್ವರ”, “ಮಾತ್ರೆ ಮರೆತೆ”, “ಇಡೀ ದಿನ ನಾಟಿ ಕೆಲಸ” ಹೀಗೆ. ಕಾರಣ ಗೊತ್ತಿದ್ದರೆ 240 ಎಂಬ ಸಂಖ್ಯೆಗೆ ವೈದ್ಯರು ಗಾಬರಿಯಿಂದ ಔಷಧಿ ಹೆಚ್ಚಿಸುವುದಿಲ್ಲ.

ಪರೀಕ್ಷೆಗೆ ಮೊದಲು ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬೆಲ್ಲವನ್ನೋ ಬಾಳೆಹಣ್ಣನ್ನೋ ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ ಸುಳ್ಳು ಏರಿಕೆ ಬರುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಅವಧಿ ಮುಗಿದಿರಬಾರದು. ಮೀಟರಿನಲ್ಲಿ ದಿನಾಂಕ, ಸಮಯ ಸರಿಯಾಗಿದೆಯೇ ಎಂದು ಒಮ್ಮೆ ನೋಡಿ. ಲ್ಯಾಬಿಗೂ ಮೀಟರಿಗೂ ಸ್ವಲ್ಪ ವ್ಯತ್ಯಾಸ ಇರುವುದು ಸಹಜ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ರ ಮೇಲೆ ಶೇ. 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಲ್ಯಾಬಿನಲ್ಲಿ 200 ಇದ್ದು ನಿಮ್ಮ ಮೀಟರಿನಲ್ಲಿ 185 ಬಂದರೆ ಮೀಟರ್ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ಅಲಾರಾಂ ಹೊಡೆದಾಗ ಮೊದಲು ತಟ್ಟೆ ನೋಡಿ

ಈ ಭಾಗವನ್ನು ದಯವಿಟ್ಟು ಎಲ್ಲರೂ ಓದಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು.

ನ್ಯಾಮತಿ ಕಡೆಯ ಅಜ್ಜಿಯೊಬ್ಬರನ್ನು ಒಂದು ಬೆಳಗ್ಗೆ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಕರೆತಂದರು. ಸಕ್ಕರೆ 38 ಇತ್ತು. ಬೆಂಗಳೂರಿನಲ್ಲಿರುವ ಮಗ ತಾಯಿಯ ಫೋನಿನಲ್ಲಿ ಬೆಳಗ್ಗೆ 8 ಗಂಟೆಗೆ ಮಾತ್ರೆಯ ಅಲಾರಾಂ ಇಟ್ಟುಕೊಟ್ಟಿದ್ದರು. ಅಜ್ಜಿ ಒಂದು ದಿನವೂ ತಪ್ಪಿಸಿರಲಿಲ್ಲ. ಅಂದು ಮಹಾಶಿವರಾತ್ರಿಯ ಉಪವಾಸ. ಅಲಾರಾಂ ಎಂದಿನಂತೆ ಹೊಡೆಯಿತು, ಅಜ್ಜಿ ಎಂದಿನಂತೆ ಮಾತ್ರೆ ನುಂಗಿ ಲಿಂಗಪೂಜೆಗೆ ಕುಳಿತರು. ಹೊಟ್ಟೆಗೆ ಏನೂ ಬೀಳಲಿಲ್ಲ. ಪೂಜೆಯಲ್ಲಿ ಕುಳಿತಲ್ಲೇ ಒರಗಿದವರನ್ನು ಸೊಸೆ ನೋಡಿದ್ದರಿಂದ ಅವರು ಉಳಿದರು.

ಅಲಾರಾಂ ಸರಿಯಾದ ಸಮಯಕ್ಕೇ ಹೊಡೆದಿತ್ತು. ಆದರೆ ಅಜ್ಜಿ ಉಂಡಿದ್ದಾರೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮತ್ತು ಇನ್ಸುಲಿನ್ ಊಟವಿಲ್ಲದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಆದ್ದರಿಂದ:

ಅಲಾರಾಂಗೆ “ಮಾತ್ರೆ” ಎಂದು ಹೆಸರಿಡಬೇಡಿ. “ಪೂಜೆ ಆಯಿತೇ? ತಿಂಡಿ ತಟ್ಟೆಗೆ ಬಂತೇ? ಆಮೇಲೆ ಮಾತ್ರೆ” ಎಂದು ಬರೆಯಿರಿ. ಮನೆಯವರ ಧ್ವನಿಯಲ್ಲೇ ಹೀಗೆ ಹೇಳಿಸಿ ಇಡಲು ಬಂದರೆ ಇನ್ನೂ ಒಳ್ಳೆಯದು.

ಪೂಜೆಯ ನಂತರವೇ ಊಟ ಮಾಡುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಪೂಜೆಯ ಸಮಯಕ್ಕೆ ಮಾತ್ರೆಯ ಸಮಯವನ್ನು ಹೊಂದಿಸಬಹುದು.

ಶಿವರಾತ್ರಿ, ಶ್ರಾವಣ ಸೋಮವಾರ ಮುಂತಾದ ಉಪವಾಸ ಇದ್ದರೆ ಒಂದು ವಾರ ಮೊದಲೇ ಬಂದು ಕೇಳಿ. ಆ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂದು ವೈದ್ಯರು ಹೇಳುತ್ತಾರೆ. ಕೆಲವರಿಗೆ ಉಪವಾಸವೇ ಬೇಡ ಎಂದೂ ಹೇಳಬಹುದು. ಶಿವಭಕ್ತಿಗೆ ಅದರಿಂದ ಕುಂದಿಲ್ಲ. ಈ ಕಾಯವನ್ನು ಕಾಪಾಡಿಕೊಳ್ಳುವುದೂ ಪೂಜೆಯೇ.

ವಾಂತಿ ಭೇದಿ ಆಗಿ ಊಟ ಸೇರದ ದಿನವೂ ಅಲಾರಾಂ ಹೇಳಿತೆಂದು ಮಾತ್ರೆ ನುಂಗಬೇಡಿ, ಕರೆ ಮಾಡಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಅದನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು. ಅವರೂ ಕೂಡಲೇ ಕೇಳಬೇಕು.

ಸಕ್ಕರೆ ಕುಸಿದ ಲಕ್ಷಣಗಳು: ಬೆವರು, ಕೈ ನಡುಕ, ಎದೆ ಬಡಿತ, ವಿಪರೀತ ಹಸಿವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಸಿಡುಕು. ಇವು ಕಂಡರೆ ಆ್ಯಪ್ ತೆರೆಯುತ್ತಾ ಕೂರಬೇಡಿ. ಮೂರು ನಾಲ್ಕು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದ ನಂತರ ಪರೀಕ್ಷಿಸಿ. 70ಕ್ಕಿಂತ ಕೆಳಗೇ ಇದ್ದರೆ ಮತ್ತೆ ಕುಡಿಸಿ. ಸರಿಹೋದ ಮೇಲೆ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಿ. ಮೇಲೆ ಹೇಳಿದ ಮಾತ್ರೆಗಳ ಪ್ರಭಾವ ಇಡೀ ದಿನ ಇರಬಹುದು, ಆದ್ದರಿಂದ ಒಮ್ಮೆ ಚೇತರಿಸಿಕೊಂಡರೂ ಸಕ್ಕರೆ ಮತ್ತೆ ಕುಸಿಯಬಹುದು. ವಯಸ್ಸಾದವರನ್ನು ಕಡ್ಡಾಯವಾಗಿ ಆಸ್ಪತ್ರೆಗೆ ಕರೆತನ್ನಿ.

ಊಟದ ಆ್ಯಪ್‌ಗೆ ನಮ್ಮ ಮುದ್ದೆ ಗೊತ್ತೇ?

ತಿಂದದ್ದನ್ನು ಬರೆದರೆ ಎಷ್ಟು ಕ್ಯಾಲೊರಿ ಎಂದು ಹೇಳುವ ಆ್ಯಪ್‌ಗಳಿವೆ. ಅವು “ರೋಟಿ ಒಂದು” ಎಂದರೆ ಸಾಮಾನ್ಯವಾಗಿ ತೆಳುವಾದ ಗೋಧಿ ಚಪಾತಿಯನ್ನು ಲೆಕ್ಕ ಹಾಕುತ್ತವೆ. ಜಗಳೂರಿನ ಮನೆಗಳಲ್ಲಿ ಬಡಿಯುವ ಅಗಲವಾದ ಜೋಳದ ರೊಟ್ಟಿ ಬೇರೆ. ಮುದ್ದೆ ಒಂದು ಎಂದರೆ ಒಬ್ಬರ ಮನೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಇನ್ನೊಬ್ಬರ ಮನೆಯಲ್ಲಿ ತೆಂಗಿನಕಾಯಿಯ ಗಾತ್ರ. ಹೀಗಾಗಿ ಆ್ಯಪಿನ ಲೆಕ್ಕವನ್ನು ಅಕ್ಷರಶಃ ನಂಬಬೇಡಿ. ಬದಲಿಗೆ ತಟ್ಟೆಯ ಫೋಟೋ ತೆಗೆದು, ಅದೇ ಊಟಕ್ಕೆ ಜೋಡಿ ಪರೀಕ್ಷೆ ಮಾಡಿ. ನಿಮ್ಮ ತಟ್ಟೆ ನಿಮ್ಮ ಶರೀರಕ್ಕೆ ಏನು ಮಾಡುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

“ರಾಗಿ ತಿಂದರೆ ಶುಗರ್ ಏರೋದಿಲ್ಲ” ಎಂಬ ನಂಬಿಕೆ ಬಹಳ ಜನರಲ್ಲಿದೆ. ರಾಗಿಯಲ್ಲಿ ನಾರಿನಂಶ, ಸುಣ್ಣದಂಶ ಚೆನ್ನಾಗಿವೆ, ನಿಜ. ಆದರೆ ರಾಗಿಯಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ. ದೊಡ್ಡ ಮುದ್ದೆ ಎರಡು ಉಂಡು ಎರಡು ಗಂಟೆಗೆ ಪರೀಕ್ಷಿಸಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮುದ್ದೆಯನ್ನು ಬಿಡಬೇಕಾಗಿಲ್ಲ. ಗಾತ್ರ ಕಡಿಮೆ ಮಾಡಿ, ಸೊಪ್ಪು, ಕಾಳು, ತರಕಾರಿ ಹೆಚ್ಚು ಮಾಡಿ ಮತ್ತೆ ಪರೀಕ್ಷಿಸಿ. ಸಂಜೆಯ ಮಂಡಕ್ಕಿ, ಮಿರ್ಚಿಯನ್ನೂ ಬರೆಯಿರಿ. ಹಗುರ ಎಂದು ತಿನ್ನುವ ಮಂಡಕ್ಕಿಯೂ ಅಕ್ಕಿಯಿಂದಲೇ ಆದದ್ದು.

ಹೆಜ್ಜೆ ಎಣಿಸುವ ಆ್ಯಪ್ ಕೂಡ ಫೋನ್ ಮೈಮೇಲೆ ಇದ್ದಾಗ ಮಾತ್ರ ಎಣಿಸುತ್ತದೆ. ಹೊನ್ನಾಳಿಯ ಗದ್ದೆಯಲ್ಲಿ ನಾಟಿ ಮಾಡುವಾಗ ಫೋನ್ ಬದುವಿನ ಮೇಲಿರುತ್ತದೆ, ಆ ದಿನ ಆ್ಯಪ್ ನಿಮ್ಮನ್ನು ಸೋಮಾರಿ ಎಂದರೆ ಬೇಸರ ಬೇಡ. ಅಂತಹ ದುಡಿಮೆಯ ದಿನ ಸಕ್ಕರೆ ಕುಸಿಯುವ ಸಂಭವವೇ ಹೆಚ್ಚು. ಬುತ್ತಿಯ ಜೊತೆಗೆ ಸ್ವಲ್ಪ ಸಕ್ಕರೆಯ ಪೊಟ್ಟಣ ಇರಲಿ. ಇದಕ್ಕೆ ವಿರುದ್ಧವಾಗಿ ಅಡಿಕೆ ಸುಲಿಯುವ ಕಾಲದಲ್ಲಿ ಗಂಟೆಗಟ್ಟಲೆ ಕುಳಿತೇ ಇರುತ್ತೀರಿ, ಊಟವೂ ಹೊತ್ತು ಮೀರುತ್ತದೆ. ಆಗ ಗಂಟೆಗೊಮ್ಮೆ ಎದ್ದು ಓಡಾಡಲು ಅಲಾರಾಂ ಇಟ್ಟುಕೊಳ್ಳಿ.

ಪಾದ ನೋಡಲು ಫೋನ್

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ನಡೆದಾಗ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಬಗ್ಗಿ ಅಂಗಾಲು ನೋಡಿಕೊಳ್ಳಲು ವಯಸ್ಸಾದವರಿಗೆ ಆಗುವುದಿಲ್ಲ. ರಾತ್ರಿ ಕಾಲು ತೊಳೆದು ಒರೆಸಿದ ಮೇಲೆ ಮನೆಯವರು ಎರಡೂ ಅಂಗಾಲುಗಳ ಮತ್ತು ಬೆರಳ ಸಂದುಗಳ ಫೋಟೋ ತೆಗೆದು ತೋರಿಸಲಿ. ನಿನ್ನೆಯ ಫೋಟೋಗೂ ಇಂದಿನದಕ್ಕೂ ಹೋಲಿಸಲಿ. ಗಾಯ, ಗುಳ್ಳೆ, ಕಪ್ಪಾಗುವುದು, ಕೀವು ಕಂಡರೆ ಫೋಟೋ ಕಳಿಸಿ ಉತ್ತರಕ್ಕೆ ಕಾಯಬೇಡಿ. ಅಂದೇ ಬನ್ನಿ. ಒಂದು ವಾರದ ತಡದಿಂದ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ಸರ್ಕಾರದ ಆ್ಯಪ್‌ಗಳು

ಇ-ಸಂಜೀವಿನಿ: ಮನೆಯಿಂದಲೇ ವಿಡಿಯೊ ಮೂಲಕ ವೈದ್ಯರೊಡನೆ ಮಾತನಾಡುವ ಕೇಂದ್ರ ಸರ್ಕಾರದ ಸೇವೆ. 2020ರ ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಇದು ಮನೆಗಳಿಗೂ ದೊರೆಯಿತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಸಣ್ಣ ಸಂದೇಹಗಳಿಗೆ ಅನುಕೂಲ. ತುರ್ತು ಸ್ಥಿತಿಯಲ್ಲಿ ಇದನ್ನು ನೆಚ್ಚಿಕೊಳ್ಳಬಾರದು.

ಆಭಾ: 14 ಅಂಕಿಗಳ ಆರೋಗ್ಯ ಖಾತೆ. ನಿಮ್ಮ ಲ್ಯಾಬ್ ವರದಿ, ಔಷಧಿ ಚೀಟಿಗಳನ್ನು ಫೋನಿನಲ್ಲಿ ಒಂದೇ ಕಡೆ ಇಡಲು ಮಾಡಿದ್ದು. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಭಾಗ. ಇದಕ್ಕೂ ಚಿಕಿತ್ಸೆಯ ಖರ್ಚಿಗೆ ನೆರವಾಗುವ ಆಯುಷ್ಮಾನ್ ಕಾರ್ಡಿಗೂ ವ್ಯತ್ಯಾಸವಿದೆ. ಆಭಾ ಇದೆ ಎಂದ ಮಾತ್ರಕ್ಕೆ ಚಿಕಿತ್ಸೆ ಉಚಿತವಾಗುವುದಿಲ್ಲ. ಎರಡನ್ನೂ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು.

ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕು?

ನಿರಾಶೆ ಬೇಡ. ತಮಿಳುನಾಡು ಮತ್ತು ಆಂಧ್ರಪ್ರದೇಶದಲ್ಲಿ ಕಾಯಿಲೆಯ ಹೊಸ್ತಿಲಲ್ಲಿದ್ದ 537 ಗಂಡಸರ ಮೇಲೆ ಚೆನ್ನೈನ ವೈದ್ಯರಾದ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಜನರಿಗೆ ಊಟ, ವ್ಯಾಯಾಮದ ಬಗ್ಗೆ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಸಂದೇಶ ಬರದವರಲ್ಲಿ ನೂರಕ್ಕೆ 27 ಜನರಿಗೆ ಸಕ್ಕರೆ ಕಾಯಿಲೆ ಬಂದರೆ, ಸಂದೇಶ ಬಂದವರಲ್ಲಿ 18 ಜನರಿಗೆ ಮಾತ್ರ ಬಂದಿತು. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಗುಂಡಿ ಒತ್ತುವ ಸಾದಾ ಫೋನಿಗೂ ಬರುವಂತಹ ಸಂದೇಶಗಳು ಅವು. ಆಗಾಗ ಯಾರಾದರೂ ನೆನಪಿಸುತ್ತಿದ್ದರೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಸಾದಾ ಫೋನಿನ ಅಲಾರಾಂ ಮತ್ತು ಒಂದು ಸಣ್ಣ ನೋಟ್‌ಬುಕ್ ಇದ್ದರೂ ಸಾಕು. ಎಡಗಡೆ ದಿನಾಂಕ, ನಡುವೆ ಸಂಖ್ಯೆ, ಬಲಗಡೆ ಊಟ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪ್ರತಿ ಭೇಟಿಗೂ ತನ್ನಿ.

ಮನೆಯವರಿಗೆ ನಾಲ್ಕು ಮಾತು

1. ಆ್ಯಪ್ ಯಾರ ಫೋನಿನಲ್ಲಿರಬೇಕು ಎಂದು ಯೋಚಿಸಿ. ಅಪ್ಪ ತೋಟದಲ್ಲಿ, ಅಲಾರಾಂ ಕಾಲೇಜಿಗೆ ಹೋದ ಮಗನ ಜೇಬಿನಲ್ಲಿ ಎಂದಾದರೆ ಪ್ರಯೋಜನವಿಲ್ಲ. ಅಲಾರಾಂ ರೋಗಿಯ ಹತ್ತಿರ ಇರಲಿ, ಲೆಕ್ಕವನ್ನು ಓದುಬರಹ ಬಲ್ಲ ಒಬ್ಬರು ವಹಿಸಿಕೊಳ್ಳಲಿ.

2. ಸಂಖ್ಯೆ ಹೆಚ್ಚು ಬಂದಾಗ ಗದರಬೇಡಿ. ಗದರಿದರೆ ಮುಂದಿನ ಸಲ ಸಂಖ್ಯೆಯನ್ನು ಮುಚ್ಚಿಡುತ್ತಾರೆ, ಇಲ್ಲವೇ ಪರೀಕ್ಷೆಯನ್ನೇ ಬಿಡುತ್ತಾರೆ. “ನಿನ್ನೆ ಏನು ಉಂಡ್ರಿ ಅಪ್ಪಾಜಿ, ಬರೆದಿಡೋಣ” ಎಂದು ಕೇಳಿ. ಸುಳ್ಳು 130ಕ್ಕಿಂತ ನಿಜವಾದ 260 ಮೇಲು. ನಿಜ ತಿಳಿದರೆ ಚಿಕಿತ್ಸೆ ಕೊಡಬಹುದು.

3. ಆ್ಯಪ್ ಆಗಲಿ, ವಾಟ್ಸಾಪ್ ಸಂದೇಶವಾಗಲಿ, ವಿಡಿಯೊ ಆಗಲಿ ಹೇಳಿತೆಂದು ಔಷಧಿಯ ಪ್ರಮಾಣವನ್ನು ಬದಲಾಯಿಸಬೇಡಿ. “ಮೂರು ತಿಂಗಳಲ್ಲಿ ಶುಗರ್ ಮಾಯ, ಮಾತ್ರೆ ಬಿಡಿ” ಎಂಬ ಜಾಹೀರಾತುಗಳನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರು ಪ್ರಾಣಾಪಾಯಕ್ಕೆ ಸಿಲುಕುತ್ತಾರೆ.

4. ಹಣ ಕೇಳುವ, ಬ್ಯಾಂಕಿನ ವಿವರ ಕೇಳುವ, ಕಾರಣವಿಲ್ಲದೆ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳುವ ಆ್ಯಪ್ ಬೇಡ. ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಫೋನ್ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

ಎಚ್ಚರ ತಪ್ಪುವುದು, ಗೊಂದಲ, ಫಿಟ್ಸ್.
ಸಕ್ಕರೆ 70ಕ್ಕಿಂತ ಕೆಳಗಿದ್ದು ಎರಡು ಸಲ ಸಕ್ಕರೆ ನೀರು ಕೊಟ್ಟರೂ ಏರದಿರುವುದು.
ಸಕ್ಕರೆ 300ರ ಮೇಲೆಯೇ ಇದ್ದು ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಇರುವುದು.
ಎದೆನೋವು, ಮುಖ ಸೊಟ್ಟಾಗುವುದು, ಒಂದು ಪಕ್ಕದ ಕೈಕಾಲು ಬಲ ಕಳೆದುಕೊಳ್ಳುವುದು.
ಪಾದದಲ್ಲಿ ಗಾಯ, ಕೀವು, ಕಪ್ಪು ಬಣ್ಣ.
ಇದ್ದಕ್ಕಿದ್ದಂತೆ ದೃಷ್ಟಿ ಮಂದವಾಗುವುದು.

ಮೊದಲು ಹೇಳಿದ ಚನ್ನಗಿರಿಯ ಹಿರಿಯರು ಈಗಲೂ ಫೋನ್ ಹಿಡಿದೇ ಬರುತ್ತಾರೆ. ಆ ಬೆರಳಿಡುವ ಆ್ಯಪನ್ನು ಮೊಮ್ಮಗನೇ ತೆಗೆದುಹಾಕಿದ್ದಾನೆ. ಅದರ ಬದಲು ಗ್ಲುಕೋಮೀಟರಿನ ಫೋಟೋಗಳು, ಪಕ್ಕದಲ್ಲಿ ಊಟದ ತಟ್ಟೆಯ ಫೋಟೋಗಳು ಇವೆ. ಕಳೆದ ಭೇಟಿಯಲ್ಲಿ ವೈದ್ಯರು ಅವನ್ನು ಒಂದೊಂದಾಗಿ ನೋಡಿ, ರಾತ್ರಿಯ ಊಟದ ನಂತರವೇ ಏರುತ್ತಿದೆ ಎಂದು ಗುರುತಿಸಿ ಅದಕ್ಕೆ ತಕ್ಕಂತೆ ಔಷಧಿ ಬದಲಿಸಿದರು.

ನೀವೂ ಮುಂದಿನ ಭೇಟಿಗೆ ಬರುವಾಗ ಮೀಟರ್, ಫೋನ್ ಅಥವಾ ನೋಟ್‌ಬುಕ್, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳು, ಇವಿಷ್ಟನ್ನೂ ತಪ್ಪದೇ ತನ್ನಿ. ಅಲಾರಾಂ ಇಡಲು, ಫೋಟೋಗಳನ್ನು ಒಂದೆಡೆ ಜೋಡಿಸಲು ಬಾರದಿದ್ದರೆ ಸಂಕೋಚಪಡದೆ ನಮ್ಮ ಸಿಸ್ಟರ್‌ಗಳನ್ನು ಕೇಳಿ. ಹೇಳಿಕೊಡುತ್ತೇವೆ. ಅದೂ ನಮ್ಮ ಕಾಯಕವೇ.